ಅಜ್ಜಿಯ ಪಾರಾಯಣವೂ ನನ್ನ ರಿಮೋಟೂ

ಚರ್ಚಾಸ್ಪರ್ಧೆಯಲ್ಲಿ ಪಳಗಿದವರನ್ನು ಮನೆಯಲ್ಲಿಟ್ಟುಕೊಂಡು ಬಾಳುವುದು ಬಲು ಕಷ್ಟ ಎಂದು ಅಪ್ಪ ಅಮ್ಮ ನನಗೆ ಹಲವು ಸಲ ಹೇಳಿದ್ದಾರೆ. ಪ್ರತಿ ಸಲವೂ ನಾನು ಅದನ್ನು ಮೂರು ಅಂಶಗಳಲ್ಲಿ ಖಂಡಿಸಿ, ಅವರು ಹೇಳಿದ್ದು ನಿಜವೆಂದು ಸಾಬೀತು ಮಾಡಿಕೊಟ್ಟಿದ್ದೇನೆ. ಹೈಸ್ಕೂಲಿನಿಂದ ಕಾನೂನು ಪದವಿಯವರೆಗೆ ನಾನು ಗೆದ್ದ ಫಲಕಗಳೆಲ್ಲ ಮುಳಬಾಗಿಲಿನ ನಮ್ಮ ಮನೆಯ ಷೋಕೇಸಿನಲ್ಲಿ ಸಾಲಾಗಿ ನಿಂತಿವೆ. ಅಮ್ಮ ಅವುಗಳ ಹಿಂದೆ ಗ್ಯಾಸ್ ಪುಸ್ತಕ, ರೇಷನ್ ಕಾರ್ಡು ಸಿಕ್ಕಿಸಿಡುತ್ತಾಳೆ. ಅಷ್ಟರಮಟ್ಟಿಗೆ ಅವು ಸಂಸಾರಕ್ಕೆ ಉಪಯೋಗವಾಗಿವೆ. ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಅಪ್ಪ ಗೊಣಗಿದರೆ, ಕಡಿಮೆ ಎಂದರೆ ಯಾವುದಕ್ಕಿಂತ ಕಡಿಮೆ ಎಂದು ಕೇಳುವವಳು ನಾನು. ದೇವರು, ದೆವ್ವ, ಜಾತಕ, ಹಲ್ಲಿ ಲೊಚಗುಟ್ಟಿದ್ದು, ಯಾವುದನ್ನೂ ಸಾಕ್ಷಿಯಿಲ್ಲದೆ ಒಪ್ಪಿದವಳಲ್ಲ. ಅಂಥ ನಾನು, ಎದುರಾಳಿ ಒಂದು ಮಾತನ್ನೂ ಆಡದ ವಾದವೊಂದರಲ್ಲಿ ಗೆದ್ದು, ಆ ಗೆಲುವಿನಿಂದಲೇ ನನ್ನ ಅಜ್ಜಿಯನ್ನು ಎರಡು ವಾರ ಸಂಜೆಯವರೆಗೆ ಉಪವಾಸ ಕೆಡವಿದ್ದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ.

ಅಜ್ಜಿ ಅಂದರೆ ಅಪ್ಪನ ತಾಯಿ. ತಾತ ಪುರೋಹಿತರಾಗಿದ್ದವರು. ಅವರು ಹೋದ ಮೇಲೆ ಮನೆಯಲ್ಲಿ ಮಡಿ ಅಂತ ಉಳಿದಿದ್ದು ಅಜ್ಜಿಯೊಬ್ಬರದ್ದೇ. ಬೆಳಿಗ್ಗೆ ಸ್ನಾನ ಮಾಡಿ, ಯಾರೂ ಮುಟ್ಟದಂತೆ ಎತ್ತರದ ಗಳುವಿನ ಮೇಲೆ ಒಣಗಿಸಿದ ಸೀರೆಯುಟ್ಟು, ಅಡುಗೆ, ದೇವರ ಪೂಜೆ ಮುಗಿಸುವ ಹೊತ್ತಿಗೆ ಹನ್ನೊಂದಾಗುತ್ತದೆ. ಆಮೇಲೆ ಪಾರಾಯಣದ ಪುಸ್ತಕದಿಂದ ಒಂದು ಅಧ್ಯಾಯ. ಅದು ಮುಗಿದ ಮೇಲೇ ಊಟ. ನಲವತ್ತು ವರ್ಷದಿಂದ ಹೀಗೇ ನಡೆದಿದೆ. ಬೆಳಗಿನ ಕಾಫಿಗೆ ಮಾತ್ರ ಈ ನಿಯಮದಿಂದ ವಿನಾಯಿತಿ ಉಂಟು. ಯಾವ ಶಾಸ್ತ್ರದಲ್ಲಿ ಹಾಗಿದೆ, ತೋರಿಸಿ ಎಂದು ನಾನೊಮ್ಮೆ ಕೇಳಿದ್ದಕ್ಕೆ, ಶಾಸ್ತ್ರ ಬರೆದವರು ಕಾಫಿ ಕುಡಿದಿರಲಿಲ್ಲ, ಕುಡಿದಿದ್ದರೆ ಬರೆಯುತ್ತಿದ್ದರು ಎಂದಿದ್ದರು.

ಈ ನಲವತ್ತು ವರ್ಷದ ಓದು ಒಂದು ದಿನ ನಿಂತಿತು. ಕಣ್ಣಿನ ನರ ಸೋತಿದೆ, ಕನ್ನಡಕ ಬದಲಾಯಿಸಿ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದರು. ಓಡಾಡಲು, ಅಡುಗೆ ಮಾಡಲು ತೊಂದರೆಯಿಲ್ಲ, ಅಕ್ಷರ ಮಾತ್ರ ಕಾಣದು. ಅಕ್ಷರಗಳು ಇರುವೆಗಳ ಹಾಗೆ ಹೊರಟುಬಿಡುತ್ತವೆ, ಒಂದನ್ನು ಹಿಡಿಯುವಷ್ಟರಲ್ಲಿ ಇನ್ನೊಂದು ಪುಟದಾಚೆ ಹೋಗಿರುತ್ತದೆ ಎಂದು ಅಜ್ಜಿ ನಗುತ್ತಲೇ ಹೇಳಿದರು. ಆದರೆ ಆ ದಿನ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರಂತೆ. ಓದಿ ಹೇಳೋಣವೆಂದರೆ ಹಗಲು ಮನೆಯಲ್ಲಿ ಯಾರೂ ಇರುವುದಿಲ್ಲ. ಅಪ್ಪ ಸಹಕಾರ ಸಂಘದ ಕಚೇರಿಗೆ, ಅಮ್ಮ ಹಳ್ಳಿಯ ಶಾಲೆಗೆ ಪಾಠ ಹೇಳಲು, ನಾನು ಕೋಲಾರದಲ್ಲಿ ವಕೀಲರೊಬ್ಬರ ಹತ್ತಿರ ಜೂನಿಯರಾಗಿ ದುಡಿಯಲು ಎಂಟು ಗಂಟೆಯ ಬಸ್ಸಿಗೆ. ಆಗ ನಾನು ಒಂದು ಸಾಹಸಕ್ಕೆ ಕೈಹಾಕಿದೆ. ಹಾಲಿನಲ್ಲಿ ಒಂದು ಜೋಡಿಸಿದ ಕಂಪ್ಯೂಟರು ಇತ್ತು. ದಿನಾ ಸಂಜೆ ಒಂದೊಂದು ಅಧ್ಯಾಯ ನಾನೇ ಮೈಕಿನಲ್ಲಿ ಓದಿ ಅದರಲ್ಲಿ ತುಂಬಿಡುತ್ತೇನೆ, ಮಾರನೆಯ ದಿನ ಅಜ್ಜಿ ಕೇಳಿಕೊಳ್ಳಲಿ ಎಂದೆ. ಪುರಾಣವನ್ನು ಕಂಡರೆ ಮೂಗು ಮುರಿಯುವವಳು ಪುರಾಣ ಓದುವುದೇ ಎಂದು ಅಪ್ಪ ಕೆಣಕಿದರು. ಇದು ಶ್ರದ್ಧೆಯಲ್ಲ, ಸೇವೆ. ಇವೆರಡರ ನಡುವೆ ಮೂಲಭೂತ ವ್ಯತ್ಯಾಸವಿದೆ ಎಂದು ನಾನು ಶುರುಮಾಡುವಷ್ಟರಲ್ಲಿ ಅವರು ಎದ್ದು ಹೋಗಿದ್ದರು.

ಸ್ನಾನ ಮಾಡಿಕೊಂಡು ಓದ್ತೀಯಾ ಎಂದು ಅಜ್ಜಿ ಕೇಳಿದರು. ಸಿಕ್ಕಿತು ಸಂದರ್ಭ ಎಂದು ನಾನು ಶಬ್ದವೆಂದರೆ ಗಾಳಿಯ ಕಂಪನ, ಕಂಪನಕ್ಕೆ ಮೈಲಿಗೆ ಎಲ್ಲಿಂದ ಬರಬೇಕು ಎಂದು ಹೊರಟೆ. ಅಜ್ಜಿ ಶಾಂತವಾಗಿ, "ಅದಕ್ಕಲ್ಲ ಕಣೇ, ಬಸ್ಸಿನಲ್ಲಿ ಬೆವೆತು ಬಂದಿರ್ತೀಯ, ಸ್ನಾನ ಮಾಡಿದ್ರೆ ಗಂಟಲು ಚೆನ್ನಾಗಿ ಬಿಡುತ್ತೆ ಅಂತ ಕೇಳ್ದೆ," ಎಂದರು. ಅಮ್ಮನ ಶಾಲೆಗೆ ರಜೆಯಿದ್ದ ಮೊದಲ ಒಂದು ವಾರ ಅವಳೇ ಹಾಕಿಕೊಟ್ಟದ್ದನ್ನು ಕೇಳಿದ ಮೇಲೆ ವಿಮರ್ಶೆಯೂ ಬಂತು. ದೇವರು ಮಾತಾಡುವಾಗ ನನಗೆ ಆಕಳಿಕೆ ಬಂದ ಹಾಗಿರುತ್ತದಂತೆ, ರಾಕ್ಷಸರು ಮಾತಾಡುವಾಗ ಮಾತ್ರ ಕಂಠ ಗಣಗಣ ಅನ್ನುತ್ತದಂತೆ. ಇದನ್ನು ನಾನು ಅಲ್ಲಗಳೆಯಲಾರೆ. ಪುರಾಣಗಳಲ್ಲಿ ವಾದವನ್ನು ಕ್ರಮವಾಗಿ ಮಂಡಿಸುವವರು ರಾಕ್ಷಸರೇ.

ತೊಡಕು ಇದ್ದದ್ದು ಓದಿನಲ್ಲಲ್ಲ, ಗುಂಡಿ ಒತ್ತುವುದರಲ್ಲಿ. ಮಡಿಯಲ್ಲಿರುವಾಗ ಅಜ್ಜಿ ಕಂಪ್ಯೂಟರನ್ನು ಮುಟ್ಟುವುದಿಲ್ಲ. ಊರವರೆಲ್ಲ ಮುಟ್ಟಿದ ವಸ್ತು ಅದು. ನಾನು ಹೊರಡುವಾಗಲೇ ಶುರುಮಾಡಿ ಹೋಗೋಣವೆಂದರೆ ಎಂಟು ಗಂಟೆಗೆ ಅಜ್ಜಿಯ ಕೈ ಹುರುಳಿಕಾಯಿ ಹೆಚ್ಚುವುದರಲ್ಲಿರುತ್ತದೆ. ತರಕಾರಿ ಹೆಚ್ಚುತ್ತಾ ಕೇಳಿದರೆ ಅದು ಪಾರಾಯಣವಲ್ಲ, ರೇಡಿಯೋ. ಜೊತೆಗೆ ನಡುವೆ ಫೋನು ಬಂದರೆ, ಸೊಪ್ಪಿನವಳು ಕೂಗಿದರೆ, ನಿಲ್ಲಿಸಿ ಮತ್ತೆ ಅಲ್ಲಿಂದಲೇ ಹಿಡಿಯಬೇಕು. ಒಂದು ಮಾತೂ ಬಿಟ್ಟುಹೋಗಬಾರದು. ಹಾಗಾಗಿ ದೂರದಿಂದಲೇ ಕೆಲಸ ನಡೆಸುವ ರಿಮೋಟು ಬೇಕಾಯಿತು. ಕಂಪ್ಯೂಟರಿನಲ್ಲಿ ಟಿ.ವಿ. ನೋಡಲು ಹಾಕಿಸಿದ್ದ ಕಾರ್ಡಿನ ಜೊತೆ, ತಂತಿಯ ತುದಿಯಲ್ಲಿ ನೇರಳೆಹಣ್ಣಿನಷ್ಟು ದೊಡ್ಡ, ರಿಮೋಟಿನ ಕಿರಣ ಹಿಡಿಯುವ ಒಂದು ಕಪ್ಪು ಕಣ್ಣು ಬಂದಿತ್ತು. ಅದರ ರಿಮೋಟು ದೋಸೆಗೆ ನೆನೆಹಾಕಿದ್ದ ಅಕ್ಕಿಯೊಳಗೆ ಬಿದ್ದು ತೀರಿಕೊಂಡಿತ್ತು. ಬದಲಿಗೆ ನಾನು ಕೋಲಾರದ ಒಂದು ಅಂಗಡಿಯಿಂದ ಯೂನಿವರ್ಸಲ್ ರಿಮೋಟು ತಂದೆ. ವಿಶ್ವದ ಎಲ್ಲ ಯಂತ್ರಗಳಿಗೂ ಆಗುತ್ತದೆ ಎಂದು ಅದರ ಡಬ್ಬದ ಮೇಲೆ ಬರೆದಿತ್ತು. ಎಲ್ಲ ರೋಗಕ್ಕೂ ಒಂದೇ ಬೇರು ಎಂದು ಬಸ್‌ಸ್ಟ್ಯಾಂಡಿನಲ್ಲಿ ಮಾರುವವನನ್ನು ಅಡ್ಡಪ್ರಶ್ನೆ ಕೇಳಿ ಓಡಿಸಿದವಳು ನಾನು. ಇದನ್ನು ಮಾತ್ರ ಯಾಕೆ ನಂಬಿದೆನೋ. ನಲವತ್ತಾರು ಗುಂಡಿಗಳಲ್ಲಿ ನಮಗೆ ಬೇಕಾದದ್ದು ಒಂದೇ. ಒಮ್ಮೆ ಒತ್ತಿದರೆ ಓದು ಶುರು, ಇನ್ನೊಮ್ಮೆ ಒತ್ತಿದರೆ ನಿಲುಗಡೆ. ಅಜ್ಜಿಯ ಬೆರಳಿಗೆ ಗೊತ್ತಾಗಲೆಂದು ಆ ಗುಂಡಿಯ ಮೇಲೆ ಗೋಂದು ಹಚ್ಚಿ ಒಂದು ತೊಗರಿಬೇಳೆ ಅಂಟಿಸಿದೆ.

ರಿಮೋಟನ್ನು ಅಜ್ಜಿಯ ಮುಂದಿಟ್ಟ ಸಂಜೆ ನಾನು ಮಾಡಿದ ಭಾಷಣವನ್ನು ಇಲ್ಲಿ ಪೂರ್ತಿ ಕೊಡುವುದಿಲ್ಲ. ಸಾರಾಂಶ ಇಷ್ಟು: ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ತೇ ಹರಿಯುವುದಿಲ್ಲ, ಇನ್ನು ಮೈಲಿಗೆ ಹೇಗೆ ಹರಿದೀತು, ಮಡಿಯ ಮೂಲ ಶುಚಿತ್ವವಾದರೆ ನಾನಿದನ್ನು ಡೆಟಾಲಿನಲ್ಲಿ ಒರೆಸಿದ್ದೇನೆ, ಮಡಿಯ ಮೂಲ ಶುಚಿತ್ವ ಅಲ್ಲದಿದ್ದರೆ ಅದು ಏನೆಂದು ಹೇಳುವ ಹೊಣೆ ಪ್ರತಿವಾದಿಯದು. ಅಜ್ಜಿ ಹೂಬತ್ತಿ ಹೊಸೆಯುತ್ತಾ ಕೇಳಿದರು. ಮುಗಿದ ಮೇಲೆ, "ಸರ್ಲೇವೇ," ಎಂದರು. ನಮ್ಮ ಮನೆಯಲ್ಲಿ ಮುಖ್ಯವಾದ ಮಾತುಗಳೆಲ್ಲ ತೆಲುಗಿನಲ್ಲೇ ಮುಗಿಯುತ್ತವೆ; ಆಯಿತು ಬಿಡೇ ಎಂದು ಅರ್ಥ. ಚರ್ಚಾಸ್ಪರ್ಧೆಯಲ್ಲಿ ಒಂದು ನಿಯಮವಿದೆ: ಎದುರಾಳಿ ಉತ್ತರಿಸದ ಅಂಶವನ್ನು ಆತ ಒಪ್ಪಿಕೊಂಡಂತೆ. ನಾನು ಗೆದ್ದೆ ಎಂದು ತಿಳಿದು ಎರಡು ಚಪಾತಿ ಹೆಚ್ಚಿಗೆ ತಿಂದೆ.

ಮಾರನೆಯ ದಿನ ಸಂಜೆ ನಾನು ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಅವಳು ನಾಲ್ಕೂವರೆಗೆ ಶಾಲೆಯಿಂದ ಬಂದಾಗ ಮಾಡಿದ ಅಡುಗೆ ಮಾಡಿದ ಹಾಗೇ ಇತ್ತಂತೆ. ಅಜ್ಜಿ ಗೋಡೆಗೊರಗಿ ಕೂತು, ಇವತ್ತು ಯಾಕೋ ಹಸಿವೇ ಇಲ್ಲ ಎಂದರಂತೆ. ಅಮ್ಮ ಕಂಪ್ಯೂಟರಿನ ಮೌಸ್ ಒತ್ತಿ ನನ್ನ ದನಿ ಹೊರಡಿಸಿದ ಮೇಲೆ, ಅಧ್ಯಾಯ ಕೇಳಿ, ಐದೂವರೆಗೆ ತಣ್ಣಗಿನ ಅನ್ನ ಉಂಡರಂತೆ. ಹಸಿವಿಲ್ಲ ಎಂದವರು ಎರಡನೇ ಸಲ ಸಾರನ್ನ ಬಡಿಸಿಕೊಂಡರು ಎಂಬುದನ್ನು ಅಮ್ಮ ಒತ್ತಿ ಹೇಳಿದಳು. ನಾನು ರಿಮೋಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ, ಅಜ್ಜಿ ಕೂರುವ ಜಾಗದಲ್ಲೇ ನಿಂತು ಬೇಳೆಯನ್ನು ಒತ್ತಿದೆ. ಓದು ಶುರುವಾಯಿತು. ಮತ್ತೆ ಒತ್ತಿದೆ. ನಿಂತಿತು. ಹತ್ತು ಸಲ ಒತ್ತಿದರೂ ತಪ್ಪಲಿಲ್ಲ. ನೀನು ಒತ್ತಿದರೆ ಆಗುತ್ತೆ ಕಣೇ, ನಾನು ಒತ್ತಿದರೆ ಆಗಲ್ಲ ಎಂದರು ಅಜ್ಜಿ. ಯಂತ್ರಕ್ಕೆ ಮುಖ ನೋಡಿ ಮಣೆ ಹಾಕುವುದು ಗೊತ್ತಿಲ್ಲ ಎಂದು ನಾನು ವಿವರಿಸಿದೆ.

ಮುಂದಿನ ಎರಡು ವಾರ ಇದೇ ನಡೆಯಿತು. ಒಂದೆರಡು ದಿನ ಕೆಲಸ ಮಾಡಿತು, ಮಿಕ್ಕ ದಿನ ಇಲ್ಲ. ಒಂದೊಂದು ದಿನ ಶುರುವಾಗಿ, ಸೊಪ್ಪಿನವಳು ಬಂದಾಗ ನಿಲ್ಲದೆ, ಅರ್ಧ ಅಧ್ಯಾಯವೆಲ್ಲ ದಂಟಿನ ಸೊಪ್ಪಿನ ಚೌಕಾಸಿಯಲ್ಲಿ ಕೊಚ್ಚಿಹೋಯಿತು. ಆ ದಿನವೂ ಊಟವಿಲ್ಲ, ಯಾಕೆಂದರೆ ಅಧ್ಯಾಯ ಪೂರ್ತಿಯಾಗಲಿಲ್ಲ. ಪಕ್ಕದ ಮನೆಯವರನ್ನು ಕರೆದು ಒತ್ತಿಸಿಕೊಳ್ಳಿ ಎಂದರೆ, ನನ್ನ ಪಾರಾಯಣಕ್ಕೆ ಇನ್ನೊಬ್ಬರ ಬಾಗಿಲು ತಟ್ಟಬೇಕಾ ಎಂದರು. ಅದಕ್ಕಾಗಿಯೇ ಅಲ್ಲವೆ ಈ ರಿಮೋಟು ಬಂದದ್ದು. ನಲವತ್ತು ವರ್ಷ ಯಾರನ್ನೂ ಕೇಳದೆ ಪುಸ್ತಕ ತೆರೆದ ಕೈ ಅದು. ಅಜ್ಜಿಯ ಕೆನ್ನೆ ಸ್ವಲ್ಪ ಇಳಿದಂತೆ ಕಂಡಿತು ನನಗೆ. ಅಮ್ಮ ಇದನ್ನು ನನಗಿಂತ ಮೊದಲೇ ಕಂಡು, ನನ್ನ ತಟ್ಟೆಗೆ ಅನ್ನ ಹಾಕುವಾಗ ಸೌಟನ್ನು ಸ್ವಲ್ಪ ಜೋರಾಗಿ ಕುಕ್ಕುತ್ತಿದ್ದಳು.

ದೋಷ ಹುಡುಕುವುದರಲ್ಲಿ ನಮ್ಮ ಮನೆಯಲ್ಲಿ ಮೂರು ಪಂಥಗಳಿವೆ. ಅಮ್ಮನದು ಹೊಡೆಯುವ ಪಂಥ. ರಿಮೋಟನ್ನು ಅಂಗೈಗೆ ಎರಡು ಸಲ ಬಡಿದು, ಈಗ ನೋಡು ಅನ್ನುತ್ತಾಳೆ. ಅಪ್ಪನದು ಸೆಲ್ ಪಂಥ. ಸೆಲ್ಲುಗಳನ್ನು ಬಿಚ್ಚಿ, ಹೆಬ್ಬೆರಳಲ್ಲಿ ಉರುಳಿಸಿ, ಹೊಸ್ತಿಲ ಮೇಲೆ ಹಪ್ಪಳದ ಪಕ್ಕ ಬಿಸಿಲಿಗಿಟ್ಟು ಮತ್ತೆ ಹಾಕುತ್ತಾರೆ. ಹೊಸ ಸೆಲ್ಲುಗಳಿಗೂ ಈ ಸಂಸ್ಕಾರ ತಪ್ಪುವುದಿಲ್ಲ. ನನ್ನದು ತರ್ಕದ ಪಂಥ. ನಾನೊಂದು ಕಾಗದದ ಮೇಲೆ ಸಾಧ್ಯವಿರುವ ಕಾರಣಗಳನ್ನೆಲ್ಲ ಬರೆದು ಒಂದೊಂದನ್ನೇ ಹೊಡೆದುಹಾಕುತ್ತಾ ಬಂದೆ. ಕೋಡ್ ತಪ್ಪಿರಬಹುದೆಂದು ರಿಮೋಟಿನ ಜೊತೆ ಬಂದ ಪುಸ್ತಿಕೆಯಲ್ಲಿದ್ದ ನಾಲ್ಕಂಕಿಯ ಕೋಡುಗಳನ್ನೆಲ್ಲ ಒತ್ತಿ ನೋಡಿದೆ. ಒಂದು ಕೋಡಿಗೆ ಕಂಪ್ಯೂಟರು ನನ್ನ ದನಿಯನ್ನು ಕಿರುಚುವಷ್ಟು ಏರಿಸಿ, ಹಿರಣ್ಯಕಶಿಪುವಿನ ಸವಾಲು ಬೀದಿಯ ಕೊನೆಯವರೆಗೆ ಕೇಳಿಸಿತು. ಮತ್ತೊಂದು ಕೋಡಿಗೆ ಏನೂ ಆಗಲಿಲ್ಲವೆಂದುಕೊಂಡೆ. ಆದರೆ ಎದುರುಮನೆಯವರು ಬಂದು ತಮ್ಮ ಟಿ.ವಿ. ತಾನಾಗಿ ಆರಿಹೋಯಿತು, ನಿಮ್ಮಲ್ಲಿ ಕರೆಂಟು ಇದೆಯೇ ಎಂದು ಕೇಳಿಕೊಂಡು ಹೋದರು. ನಾನು ಪುಸ್ತಿಕೆಯನ್ನು ಬೆನ್ನ ಹಿಂದೆ ಹಿಡಿದುಕೊಂಡು, ಇದೆ ಎಂದಷ್ಟೇ ಹೇಳಿದೆ.

ಆಮೇಲೆ ನನಗೆ ಹೊಳೆದದ್ದು ಬಿಸಿಲು. ಬೆಳಗಿನ ಬಿಸಿಲು ಬಾಗಿಲಿನಿಂದ ಒಳಗೆ ಬಂದು ಆ ಕಪ್ಪು ಕಣ್ಣಿನ ಮೇಲೆ ಬೀಳುತ್ತದೆ. ಬಿಸಿಲಿನಲ್ಲಿ ರಿಮೋಟಿನ ಕಿರಣ ಕಾಣದೆ ಹೋಗುತ್ತದೆ. ಸಂಜೆ ಬಿಸಿಲಿಲ್ಲ, ಹಾಗಾಗಿ ಕೆಲಸ ಮಾಡುತ್ತದೆ. ಎಷ್ಟು ಅಂದವಾದ ವಾದ ನೋಡಿ. ಬೆಳಿಗ್ಗೆ ಮುಂಬಾಗಿಲು ಮುಚ್ಚಿಡಿ ಎಂದೆ. ತೆರೆದಿದ್ದರೇ ಲಕ್ಷ್ಮಿ ಬರುವುದು ಎಂದರು ಅಜ್ಜಿ. ನಲವತ್ತು ವರ್ಷದಿಂದ ತೆರೆದಿಟ್ಟರೂ ಬಂದದ್ದು ಬೀದಿಯ ಧೂಳು ಮಾತ್ರ ಎಂದೆ. ಕೊನೆಗೆ ಮದುವೆಯ ಕರೆಯೋಲೆಯೊಂದನ್ನು ಮಡಚಿ ಆ ಕಣ್ಣಿಗೆ ಒಂದು ಮುಸುಕು ಮಾಡಿಟ್ಟೆ. ಚಿನ್ನದ ಅಕ್ಷರದಲ್ಲಿ ವಧೂವರರ ಹೆಸರಿದ್ದ ಆ ಗೂಡಿನೊಳಗಿಂದ ಅದು ಮದುಮಗಳ ಹಾಗೆ ಇಣುಕುತ್ತಿತ್ತು. ಮಾರನೆಯ ದಿನ ಅಜ್ಜಿ ಊಟ ಮಾಡಿದ್ದು ಐದು ಗಂಟೆ ನಲವತ್ತು ನಿಮಿಷಕ್ಕೆ. ಅದರ ಮಾರನೆಯ ದಿನ ಮೋಡ ಕವಿದು ಬಿಸಿಲೇ ಇರಲಿಲ್ಲ. ಆ ದಿನವೂ ಹಾಗೇ. ಅಂದವಾದ ವಾದ ಕಾಗದದ ಮೇಲೇ ಉಳಿಯಿತು.

ಸೋತು, ರಿಮೋಟನ್ನು ಚೀಲದಲ್ಲಿ ಹಾಕಿಕೊಂಡು ಕೋಲಾರದ ಅಂಗಡಿಗೆ ಹೋದೆ. ಮೋಸದ ಮಾಲು ಕೊಟ್ಟಿದ್ದೀರಿ ಎಂದು ಗ್ರಾಹಕರ ಹಕ್ಕುಗಳಿಂದ ಆರಂಭಿಸಿದೆ. ಅಂಗಡಿಯವರು ವಯಸ್ಸಾದವರು, ರೇಡಿಯೋ ಕಾಲದಿಂದ ರಿಪೇರಿ ಮಾಡಿಕೊಂಡು ಬಂದವರು. ನನ್ನ ಮಾತು ಮುಗಿಯುವವರೆಗೆ ಕಾದು, ರಿಮೋಟನ್ನು ಅಲ್ಲಿದ್ದ ಟಿ.ವಿ.ಯತ್ತ ಹಿಡಿದು ಒತ್ತಿದರು. ಕೆಲಸ ಮಾಡಿತು. ಬೇಳೆಯನ್ನು ನೋಡಿ, ಇದೇನು ಎಂದರು. ಹೇಳಿದೆ.

"ರಿಮೋಟು ಚೆನ್ನಾಗೇ ಐತಲ್ಲಮ್ಮಾ. ಮನೇಲಿ ಯಾರು ಒತ್ತೋದು?"

"ನಮ್ಮಜ್ಜಿ."

"ಅವರು ಒತ್ತುವಾಗ ನೀವು ನೋಡಿದ್ರಾ?"

ಸಾಕ್ಷಿ ಎಲ್ಲಿದೆ, ಕಣ್ಣಾರೆ ಕಂಡಿದ್ದೀಯಾ ಎಂದು ಊರಿಗೆಲ್ಲ ಕೇಳುವುದು ನನ್ನ ಕಸುಬು. ಎರಡು ವಾರ ಸೂರ್ಯನಿಂದ ಹಿಡಿದು ಎದುರುಮನೆಯ ಟಿ.ವಿ.ಯವರೆಗೆ ಎಲ್ಲರನ್ನೂ ಕಟಕಟೆಗೆ ಹತ್ತಿಸಿದ್ದೆ. ಅಜ್ಜಿ ಒತ್ತುವುದನ್ನು ಮಾತ್ರ ಒಂದು ಸಲವೂ ನೋಡಿರಲಿಲ್ಲ. ನೋಡಿಲ್ಲ ಎಂದೆ. ಒಂದಿನ ನೋಡಿ, ಆಮೇಲೆ ಬೇಕಾದರೆ ನನ್ನ ಮೇಲೆ ಕೇಸು ಹಾಕಿ ಎಂದು ಅವರು ರಿಮೋಟನ್ನು ಚೀಲಕ್ಕೆ ಹಾಕಿಕೊಟ್ಟರು.

ಮಾರನೆಯ ದಿನ ರಜೆ ಹಾಕಿದೆ. ಅಜ್ಜಿಗೆ ಹೇಳಲಿಲ್ಲ, ಸಾಕ್ಷಿದಾರರಿಗೆ ಮೊದಲೇ ತಿಳಿಸಬಾರದು. ಎಂಟು ಗಂಟೆಗೆ ಹೊರಟಂತೆ ಹೊರಟು, ಲೈಬ್ರರಿಯಲ್ಲಿ ಪೇಪರು ಓದಿ, ಹನ್ನೊಂದಕ್ಕೆ ಹಿತ್ತಿಲಿನಿಂದ ಬಂದು ಅಡುಗೆಮನೆಯ ಕಿಟಕಿಯಲ್ಲಿ ಇಣುಕಿದೆ. ಪೂಜೆ ಮುಗಿದಿತ್ತು. ಅಜ್ಜಿ ಬಾಗಿಲ ಬಳಿ ಮಣೆ ಹಾಕಿಕೊಂಡು ಕೂತು, ಗೂಡಿನಿಂದ ತಾತನ ಕಾಲದ ಹಳೆಯ ಧಾಬಳಿಯ ತುಂಡೊಂದನ್ನು ತೆಗೆದರು. ಧಾಬಳಿ ಎಂದರೆ ಪೂಜೆಗೆ ಉಡುವ ದಪ್ಪ ಉಣ್ಣೆಯ ಬಟ್ಟೆ. ಹತ್ತಿಯ ಹಾಗಲ್ಲ, ಯಾರು ಮುಟ್ಟಿದರೂ ಉಣ್ಣೆಗೆ ಮೈಲಿಗೆ ತಗಲುವುದಿಲ್ಲ ಎಂಬುದು ನಮ್ಮ ಕಡೆಯ ಮಡಿಯವರ ತೀರ್ಮಾನ. ಆ ತುಂಡಿನಲ್ಲಿ ಅಜ್ಜಿ ನನ್ನ ರಿಮೋಟನ್ನು ಕೈಬೆರಳು ಸೋಕದಂತೆ ಎತ್ತಿ, ಹಸುಗೂಸಿಗೆ ಚಳಿಯಾಗದಂತೆ ಸುತ್ತುವ ಹಾಗೆ ಕಾಲಿನಿಂದ ತಲೆಯವರೆಗೆ ಎರಡು ಸುತ್ತು ಸುತ್ತಿದರು. ಕಿರಣ ಹೊರಡುವ ಮುಂಭಾಗದ ಪುಟ್ಟ ದೀಪದ ಮೇಲೆ ಸೆರಗಿನ ಹಾಗೆ ಒಂದು ಮಡಿಕೆ ಬಿತ್ತು. ಉಣ್ಣೆಯ ಮೇಲಿನಿಂದಲೇ ಬೇಳೆಯನ್ನು ತಡವಿ ಹುಡುಕಿ, ಕಂಪ್ಯೂಟರಿನ ಕಡೆಗೆ ಹಿಡಿದು ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಕಿಟಕಿಯಾಚೆ ನಿಂತ ನನಗೆ, ಒಂದೆರಡು ದಿನ ಅದು ಕೆಲಸ ಮಾಡಿದ್ದು ಮಡಿಕೆ ಜಾರಿದ್ದರಿಂದ ಎಂಬುದು ಆ ಕ್ಷಣವೇ ತಿಳಿಯಿತು. ಮೂರನೆಯ ಸಲ ಒತ್ತಿ, ಅಜ್ಜಿ ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡು, ಗಡಿಯಾರದ ಕಡೆ ಕತ್ತೆತ್ತಿದರು. ಅಮ್ಮ ಬರುವುದಕ್ಕೆ ಇನ್ನೂ ಐದೂವರೆ ಗಂಟೆಯಿತ್ತು.

ಬೈಯಬೇಕೆಂದೇ ಒಳಗೆ ಹೋದೆ. ಮುಟ್ಟಬೇಡ, ದೂರ ನಿಂತ್ಕೋ ಎಂದು ಅಜ್ಜಿ ಮೊದಲು ಹೇಳಿ, ಆಮೇಲೆ, ಕೋಲಾರಕ್ಕೆ ಹೋಗಲಿಲ್ವಾ ಎಂದು ಕೇಳಿದರು.

"ಇದನ್ನ ಸುತ್ಕೊಂಡು ಒತ್ತುತೀನಿ ಅಂತ ಯಾಕಜ್ಜಿ ಹೇಳ್ಲಿಲ್ಲ? ಎರಡು ವಾರದಿಂದ ನಾನು ತಲೆ ಕೆಡಿಸ್ಕೊಂಡಿದೀನಿ. ನೀವು ಹೊಟ್ಟೆಗಿಲ್ದೆ ಕೂತಿದೀರಿ."

"ಹೇಳಿದ್ರೆ ನೀನು ಮಾತಾಡ್ತೀಯ," ಎಂದರು ಅಜ್ಜಿ. "ಅವತ್ತು ಇದನ್ನ ತಂದಾಗ ಹೇಳೋಣ ಅಂತ ಬಾಯಿ ತೆಗೆದೆ. ನೀನು, ಇರಿ ಅಜ್ಜಿ, ಎರಡನೇ ಪಾಯಿಂಟು ಮುಗಿಸ್ತೀನಿ ಅಂದೆ. ಮೂರನೇದೂ ಮುಗಿಸ್ದೆ. ಆಮೇಲೆ ಯಾಕೆ ಬೇಕು ಅಂತ ನಾನು ಸುಮ್ಮನಾದೆ. ಹಸಿವು ಸಾಯಂಕಾಲಕ್ಕಾದ್ರೂ ಹೋಗುತ್ತೆ ಕಣೇ ಲಾಯರಮ್ಮ. ನಿನ್ನ ವಾದ ಹೋಗುತ್ತಾ?"

ಕೋಪವಿರಲಿಲ್ಲ ಅವರಿಗೆ. ಮಳೆ ಬಂದರೆ ಬಟ್ಟೆ ಒಳಗೆ ತರಬೇಕು ಅನ್ನುವ ಹಾಗೆ, ಮನೆಯಲ್ಲಿರುವ ಒಂದು ಅನಾನುಕೂಲವನ್ನು ಹೇಳಿದರು, ಅಷ್ಟೇ. ನಾನು ದೂರದಿಂದಲೇ, ಮುಂದಿನ ದೀಪಕ್ಕೆ ಮಾತ್ರ ಬಟ್ಟೆ ಮುಚ್ಚದಂತೆ ಸುತ್ತಿದರೆ ಆಗುತ್ತದೆ ಎಂದೆ. ಒಂದೇ ವಾಕ್ಯ, ಪೀಠಿಕೆಯಿಲ್ಲ, ಉಪಸಂಹಾರವಿಲ್ಲ. ಅದಕ್ಕೇನಂತೆ, ಅದು ಕಣ್ಣು ಬಿಟ್ಟುಕೊಂಡಿರಲಿ, ನಾನೇನು ಅದರ ಕಣ್ಣಿಗೆ ಬೆರಳು ಹಾಕುತ್ತೇನಾ ಎಂದು ಅಜ್ಜಿ ಮಡಿಕೆ ಸರಿಸಿ ಒತ್ತಿದರು. ಹಾಲಿನಿಂದ ನನ್ನದೇ ದನಿ ಗಣಗಣ ಹೊರಟಿತು. ಆ ದಿನ ಅಜ್ಜಿ ಹನ್ನೆರಡು ಗಂಟೆಗೆ ಬಿಸಿ ಅನ್ನ ಉಂಡರು. ಪಕ್ಕದಲ್ಲಿ, ಮುಟ್ಟದಷ್ಟು ದೂರದಲ್ಲಿ, ನಾನೂ ಉಂಡೆ.

ಸುತ್ತಿದ ಬಟ್ಟೆ ಮತ್ತೆ ಜಾರಬಾರದಲ್ಲ, ಅದಕ್ಕೆ ತಲೆಯ ಕಡೆ ಕಿಂಡಿಯಿರುವ ಒಂದು ಚೀಲವನ್ನೇ ಧಾಬಳಿಯಲ್ಲಿ ಹೊಲಿದುಕೊಡುತ್ತೇನೆ ಎಂದೆ. ಅಜ್ಜಿ ಕೇಳಿದ್ದು ಒಂದೇ: ದಾರ ಯಾವುದು ಹಾಕ್ತೀಯ? ಹತ್ತಿಯ ದಾರವಾದರೆ ಅಷ್ಟಕ್ಕೂ ಮೈಲಿಗೆ. ನನ್ನ ನಾಲಿಗೆಯ ತುದಿಗೆ ನಾಲ್ಕು ಅಂಶಗಳು ಒಟ್ಟಿಗೇ ಬಂದು ನಿಂತವು. ನುಂಗಿಕೊಂಡು, ಮಾರನೆಯ ದಿನ ಕೋಲಾರದಲ್ಲಿ ಊಟದ ಬಿಡುವಿನಲ್ಲಿ ಉಲ್ಲನ್ ದಾರ ಮಾರುವ ಅಂಗಡಿ ಹುಡುಕಿಕೊಂಡು ಹೋದೆ. ಅಂಗಡಿಯಾತ ಒಂದು ಕಂದು ಉಂಡೆ ತೆಗೆದುಕೊಟ್ಟ. ಪೂರ್ತಿ ಉಣ್ಣೆಯೇ ಎಂದು ಕೇಳಿದೆ. ಸ್ವಲ್ಪ ನೈಲಾನು ಸೇರಿರುತ್ತದೆ, ಈಗೆಲ್ಲ ಹಾಗೇ ಬರೋದು, ಏನು ವ್ಯತ್ಯಾಸ ಎಂದ. ಏನು ವ್ಯತ್ಯಾಸ ಎಂದು ಯಾರಾದರೂ ನನ್ನನ್ನು ಕೇಳಬಾರದು. ಉಣ್ಣೆ ಎಂದರೆ ಏನು ಎಂಬಲ್ಲಿಂದ ಹಿಡಿದು, ಅದರ ಗುಣ ಬೆರಕೆಯಲ್ಲಿ ಹೇಗೆ ಉಳಿಯುವುದಿಲ್ಲ, ಹಿರಿಯರು ಅದನ್ನೇ ಯಾಕೆ ಆರಿಸಿಕೊಂಡರು, ಒಂದೆಳೆ ಕೆಟ್ಟರೆ ಇಡೀ ಬಟ್ಟೆ ಹೇಗೆ ಮಡಿಗೆ ಬರುವುದಿಲ್ಲ ಎಂಬುದನ್ನು ಹತ್ತು ನಿಮಿಷ, ಒಂದು ಕಡೆಯೂ ತಡವರಿಸದೆ, ಮೇಜು ಕುಟ್ಟಿ ಮಂಡಿಸಿದೆ. ಸ್ವೆಟರಿಗೆ ದಾರ ಕೊಳ್ಳಲು ಬಂದಿದ್ದ ಇಬ್ಬರು ಹೆಂಗಸರು ಕೈಕಟ್ಟಿ ನಿಂತು ಕೇಳಿದರು. ಆತ ಏಣಿ ಹತ್ತಿ, ಮೇಲಿನ ಅರೆಯಿಂದ ಧೂಳು ಹಿಡಿದ ಅಪ್ಪಟ ಉಣ್ಣೆಯ ಉಂಡೆಯೊಂದನ್ನು ಇಳಿಸಿ, ಎರಡೂ ಕೈಯಲ್ಲಿ ನನ್ನ ಮುಂದಿಟ್ಟ.

"ಈ ವಯಸ್ಸಿಗೇ ಇಷ್ಟು ಮಡಿ ಮಾಡ್ತೀರಲ್ಲಮ್ಮಾ," ಎಂದ ಭಕ್ತಿಯಿಂದ. "ಈಗಿನ ಕಾಲದಲ್ಲಿ ಯಾರಿಗಮ್ಮಾ ಬರುತ್ತೆ ಇಂಥ ಬುದ್ಧಿ."

ಖಂಡಿಸಲು ಬಾಯಿ ತೆರೆದೆ. ಹೆಂಗಸರಿಬ್ಬರೂ ನನ್ನನ್ನೇ ನೋಡುತ್ತಿದ್ದರು. ಅವರಲ್ಲಿ ಒಬ್ಬಾಕೆ, ದೊಡ್ಡ ಮನೆತನದವರಿರಬೇಕು ಎಂದು ಇನ್ನೊಬ್ಬಾಕೆಯ ಕಿವಿಯಲ್ಲಿ ಹೇಳಿದಳು. ನಾನು ಉಂಡೆಯನ್ನು ತೆಗೆದುಕೊಂಡು, ಯಾರಿಗೂ ಮೈ ತಾಗದಂತೆ ಸರಿದು, ಹೊರಗೆ ಬಂದೆ.